ಹೋಶಂಗಾಬಾದಿನ ವಿಜ್ಞಾನಪಾಠ

ಮಧ್ಯಪ್ರದೇಶದಲ್ಲಿ ನರ್ಮದೆಯ ದಕ್ಷಿಣ ತೀರಕ್ಕಿರುವ, ಈಗ ನರ್ಮದಾಪುರಂ ಎಂದು ಹೆಸರಾಂತರಗೊಂಡಿರುವ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ, ಆರರಿಂದ ಎಂಟನೆಯ ತರಗತಿಯವರೆಗಿನ ಗ್ರಾಮೀಣ ಬಾಲಕರಿಗೆ ವಿಜ್ಞಾನವನ್ನು ಪ್ರಯೋಗಮುಖದಿಂದಲೇ ಬೋಧಿಸಬೇಕೆಂಬ ಸಂಕಲ್ಪದೊಡನೆ 1972ರಲ್ಲಿ ಆರಂಭವಾದ ಕಾರ್ಯವು, ಸ್ವತಂತ್ರ ಭಾರತದ ವಿದ್ಯಾಭ್ಯಾಸ ಚರಿತ್ರೆಯಲ್ಲಿ ಗೌರವದಿಂದ ಸ್ಮರಿಸತಕ್ಕ ಅಧ್ಯಾಯವಾಗಿದೆ. ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ಬನಖೇಡಿಯ ಬಳಿಯ ಕಿಶೋರ ಭಾರತಿ ಎಂಬ ಸಂಸ್ಥೆಗಳು ಸರ್ಕಾರದ ಅನುಮತಿ ಪಡೆದು ಇದಕ್ಕೆ ಕೈಹಾಕಿದುವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಹುದ್ದೆಯನ್ನು ತೊರೆದು ಬಂದ ಅನಿಲ್ ಸದ್ಗೋಪಾಲರು ಕಿಶೋರ ಭಾರತಿಯನ್ನು ಕಟ್ಟಿದವರು. ಟಾಟಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಬಂದು ಹಳ್ಳಿಯ ಉಪಾಧ್ಯಾಯರೊಡನೆ ಕುಳಿತು ಪಾಠಗಳನ್ನು ರೂಪಿಸಿದರು.

ನಾಲ್ಕು ನಾಲ್ಕು ಮಕ್ಕಳ ತಂಡಗಳಾಗಿ ಕುಳಿತು, ಶಾಲೆಗೆ ಒದಗಿಸಿದ ಸಲಕರಣೆಗಳಿಂದಲೂ ಬೇಲಿಯಲ್ಲಿ ಸಿಕ್ಕುವ ವಸ್ತುಗಳಿಂದಲೂ ತಾವೇ ಪ್ರಯೋಗ ಮಾಡುವುದು ಅಲ್ಲಿಯ ಪದ್ಧತಿ. ಹೂವಿನ ಅಂಗಗಳನ್ನು ಬಿಡಿಸಿ ನೋಡಲು ಉಕ್ಕಿನ ಸೂಜಿಯ ಬದಲು ಜಾಲಿಯ ಮುಳ್ಳು ಸಾಕಾಯಿತು. ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ರೇಖಾಗಣಿತದ ಆಕೃತಿಗಳನ್ನು ರಚಿಸುವ ವಿಧಾನವನ್ನು, ಆಗ ತರುಣ ಇಂಜಿನಿಯರಾಗಿದ್ದ ಅರವಿಂದ ಗುಪ್ತರು ಕಂಡುಕೊಂಡದ್ದೂ ಈ ಕಾರ್ಯದ ಸಂಪರ್ಕದಲ್ಲಿಯೇ. 'ಬಾಲ ವೈಜ್ಞಾನಿಕ'ವೆಂಬ ಪುಸ್ತಕದಲ್ಲಿ ಪ್ರಯೋಗದ ಸೂಚನೆಯೂ ಪ್ರಶ್ನೆಗಳೂ ಇರುತ್ತಿದ್ದುವು, ಸಿದ್ಧವಾದ ಉತ್ತರಗಳಿರಲಿಲ್ಲ. ಮಾಡಿ, ಅಳೆದು, ತಮ್ಮೊಳಗೆ ವಾದಿಸಿ, ಕಂಡದ್ದನ್ನು ಮಕ್ಕಳು ತಮ್ಮದೇ ಮಾತಿನಲ್ಲಿ ಬರೆದುಕೊಳ್ಳಬೇಕಾಗಿತ್ತು. ಅವರಿಗೆ ತೋಚಿದ ಯಾವ ಪ್ರಶ್ನೆಯನ್ನಾದರೂ ಸವಾಲಿರಾಮನೆಂಬ ಕಲ್ಪಿತ ಮಿತ್ರನಿಗೆ ಬರೆದು ಕೇಳಬಹುದಾಗಿತ್ತು, ಉತ್ತರವೂ ಬರುತ್ತಿತ್ತು.

ಈ ಯತ್ನದ ನಿಜವಾದ ಧೈರ್ಯ ಪರೀಕ್ಷೆಯಲ್ಲಿತ್ತೆಂದು ನನ್ನ ಭಾವನೆ. ಬೋಧನಕ್ರಮವನ್ನು ಎಷ್ಟೇ ತಿದ್ದಿದರೂ ವರ್ಷಾಂತ್ಯದಲ್ಲಿ ಬಾಯಿಪಾಠವನ್ನೇ ಅಳೆಯುವುದಾದರೆ, ಜಾಣ ಹುಡುಗನು ಮಾತ್ರವಲ್ಲ, ಪ್ರಾಮಾಣಿಕ ಉಪಾಧ್ಯಾಯನೂ ಹಳೆಯ ದಾರಿಗೇ ತಿರುಗುವನು. ಅದನ್ನರಿತವರಾಗಿ ಈ ಕ್ರಮವನ್ನು ರೂಪಿಸಿದವರು ಪುಸ್ತಕವನ್ನೂ ಟಿಪ್ಪಣಿಯನ್ನೂ ಎದುರಿಗೆ ತೆರೆದಿಟ್ಟುಕೊಂಡು ಬರೆಯುವ ಲಿಖಿತ ಪರೀಕ್ಷೆಯನ್ನೂ, ಕೈಯಿಂದ ಮಾಡಿ ತೋರಿಸುವ ಪ್ರಾಯೋಗಿಕ ಪರೀಕ್ಷೆಯನ್ನೂ ಏರ್ಪಡಿಸಿದರು. ಬೇಸಗೆಯ ತರಬೇತಿಯಲ್ಲಿಯೂ ಮಾಸಿಕ ಸಭೆಗಳಲ್ಲಿಯೂ ಉಪಾಧ್ಯಾಯರು ತಂದ ಆಕ್ಷೇಪಗಳಿಗೆ ಅನುಸಾರವಾಗಿ ಪಾಠಗಳನ್ನು ತಿದ್ದುತ್ತಿದ್ದುದು ಇದಕ್ಕಿಂತ ಕಡಿಮೆಯ ಸಂಗತಿಯಲ್ಲ.

1978ರಲ್ಲಿ ಈ ಕ್ರಮ ಇಡೀ ಜಿಲ್ಲೆಗೆ ವ್ಯಾಪಿಸಿತು. 1982ರಲ್ಲಿ ಸ್ಥಾಪಿತವಾದ 'ಏಕಲವ್ಯ' ಸಂಸ್ಥೆಯು ಹೊಣೆ ಹೊತ್ತ ಮೇಲೆ ಅದು ಇತರ ಜಿಲ್ಲೆಗಳಿಗೂ ಸಾಗಿ, ಸುಮಾರು ಒಂದು ಸಾವಿರ ಶಾಲೆಗಳನ್ನು ಮುಟ್ಟಿತು. 2002ರಲ್ಲಿ ರಾಜ್ಯ ಸರ್ಕಾರವು, ದೇಶದ ಅನೇಕ ವಿಜ್ಞಾನಿಗಳ ಪ್ರತಿಭಟನೆಯನ್ನು ಲೆಕ್ಕಿಸದೆ, ಅದನ್ನು ನಿಲ್ಲಿಸಿತು. ಸರ್ಕಾರಿ ಶಾಲೆಗಳಲ್ಲಿ, ಸಾಮಾನ್ಯ ಉಪಾಧ್ಯಾಯರ ಕೈಯಲ್ಲಿ ಮೂವತ್ತು ವರ್ಷ ನಡೆದು ಬಂದ ಕ್ರಮವನ್ನು ಅಸಾಧ್ಯದ ಆದರ್ಶವೆಂದು ಯಾರೂ ತಳ್ಳಿಹಾಕಲಾರರು. ಅದನ್ನು ನಿಲ್ಲಿಸಿದ್ದು ತಪ್ಪು ನಿರ್ಣಯ.