ಗಂಡುಜೇನಿನ ಕೊಂಡಿ

ಆಸ್ಟ್ರಿಯಾ ದೇಶದಲ್ಲಿ ಗುನ್ಸ್‌ಕಿರ್ಖನ್ ಎಂಬುದೊಂದು ಚಿಕ್ಕ ಊರು. ಅಲ್ಲಿಯ ರೋಟ್ಯಾಕ್ಸ್ ಕಾರ್ಖಾನೆಯಲ್ಲಿ ಹಿಮದ ಮೇಲೆ ಓಡುವ ಬಂಡಿಗಳಿಗೂ, ರಜೆಯ ದಿನ ವಿನೋದಕ್ಕಾಗಿ ಹಾರುವವರ ಪುಟ್ಟ ವಿಮಾನಗಳಿಗೂ ಎಂಜಿನ್‌ಗಳು ತಯಾರಾಗುತ್ತವೆ. ವಿಮಾನದ ಎಂಜಿನ್‌ಗಳಲ್ಲಿ ಹಲವುದರ ಶಕ್ತಿ ನೂರು, ನೂರಿಪ್ಪತ್ತು ಅಶ್ವಗಳದು. ಒಂದು ಸಾಧಾರಣ ಮೋಟಾರು ಕಾರಿಗೆ ಸಾಕಾಗುವಷ್ಟು. ಅಮೆರಿಕದ ಪ್ರಿಡೇಟರ್, ಇಸ್ರೇಲಿನ ಹೆರಾನ್, ಟರ್ಕಿಯ ಬೈರಕ್ತಾರ್ ಟಿಬಿ-2, ಈ ಮೂರು ಚಾಲಕರಹಿತ ಯುದ್ಧವಿಮಾನಗಳ ಬೆನ್ನಿಗೂ ಇದೇ ವಂಶದ ಎಂಜಿನ್ ಇದೆ. 2022ರಲ್ಲಿ ಉಕ್ರೇನಿನವರು ಇರಾನ್ ದೇಶದ ಮೊಹಾಜೆರ್-6 ಎಂಬ ಯಂತ್ರವೊಂದನ್ನು ಕಪ್ಪು ಸಮುದ್ರದಿಂದ ಎತ್ತಿ ಬಿಚ್ಚಿ ನೋಡಿದರು. ಅಲ್ಲಿಯೂ ಅದೇ ಎಂಜಿನ್! ಪರಸ್ಪರ ಮುಖವನ್ನೂ ನೋಡಲೊಲ್ಲದ ರಾಜ್ಯಗಳು ಆಕಾಶದಲ್ಲಿ ಒಂದೇ ಶಬ್ದ ಮಾಡುತ್ತ ಹಾರುವುದು ಹೇಗೆ ಸಾಧ್ಯವಾಯಿತು? ಆಯುಧಗಳ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ರಣರಂಗದಲ್ಲಿ ಹುಡುಕುತ್ತೇವೆ. ನಾನು ಇಂದು ನನಗೆ ದೊರೆತಿರುವ ಹದಿನೈದು ನಿಮಿಷಗಳಲ್ಲಿ ಸಂತೆಯಲ್ಲಿ ಹುಡುಕಲು ಯತ್ನಿಸುತ್ತೇನೆ.

ಮೊದಲು ಹೆಸರಿನ ವಿಚಾರ. ಡ್ರೋನ್ ಎಂದರೆ ಇಂಗ್ಲಿಷಿನಲ್ಲಿ ಗಂಡುಜೇನು. 1935ರಲ್ಲಿ ಬ್ರಿಟಿಷರು ತಮ್ಮ ಫಿರಂಗಿದಳದವರ ಗುರಿಯ ಅಭ್ಯಾಸಕ್ಕೆಂದು ಚಾಲಕನಿಲ್ಲದೆ ರೇಡಿಯೋ ಸಂಕೇತದಿಂದ ಹಾರುವ ವಿಮಾನವೊಂದನ್ನು ಮಾಡಿ ಅದಕ್ಕೆ ‘ರಾಣಿಜೇನು’ ಎಂದು ಹೆಸರಿಟ್ಟರು. ಅದನ್ನು ಕಂಡು ಬಂದ ಅಮೆರಿಕದ ನೌಕಾದಳದವರು ತಮ್ಮ ಯಂತ್ರವನ್ನು ಗಂಡುಜೇನು ಎಂದು ಕರೆದರು ಎಂದು ಹೇಳುವುದುಂಟು. ಜೇನುಗೂಡಿನ ವಿಷಯ ಬಲ್ಲವರಿಗೆ ಈ ಹೆಸರಿನ ಔಚಿತ್ಯ ಹೊಳೆಯದಿರದು. ಗಂಡುಜೇನಿಗೆ ಕೊಂಡಿಯಿಲ್ಲ. ಆ ಕಾಲದ ಡ್ರೋನ್ ಕೂಡ ಹಾಗೆಯೇ. ಹೊಡೆಸಿಕೊಳ್ಳುವುದೇ ಅದರ ಉದ್ಯೋಗವಾಗಿತ್ತು. ಮುಂದೆ ವಿಯೆಟ್ನಾಮ್ ಯುದ್ಧದಲ್ಲಿ ಅಮೆರಿಕದವರು ಅದರ ಕೊರಳಿಗೆ ಕ್ಯಾಮೆರಾ ಕಟ್ಟಿ ಸಾವಿರಾರು ಬಾರಿ ಹಾರಿಸಿದರು. ಆಗಲೂ ಅದು ನೋಡುತ್ತಿತ್ತೇ ಹೊರತು ಕುಟುಕುತ್ತಿರಲಿಲ್ಲ.

ಸಂತೆ ತೆರೆದದ್ದು ಇಸ್ರೇಲಿನಲ್ಲಿ. 1973ರ ಅಕ್ಟೋಬರಿನ ಯುದ್ಧದಲ್ಲಿ ಈಜಿಪ್ಟ್ ಮತ್ತು ಸಿರಿಯಗಳ ಕೈಯಲ್ಲಿದ್ದ ಸೋವಿಯೆತ್ ಕ್ಷಿಪಣಿಗಳು ಇಸ್ರೇಲಿನ ವಿಮಾನಬಲಕ್ಕೆ ಬಲವಾದ ಪೆಟ್ಟು ಕೊಟ್ಟವು. ಚಾಲಕರನ್ನು ಕಳೆದುಕೊಳ್ಳಲಾರದ ಸಣ್ಣ ದೇಶ ಚಾಲಕನಿಲ್ಲದ ವಿಮಾನದ ಕಡೆ ತಿರುಗಿತು. 1982ರ ಜೂನ್‌ನಲ್ಲಿ ಲೆಬನಾನಿನ ಬೆಕಾ ಕಣಿವೆಯಲ್ಲಿ ಹುಸಿ ವಿಮಾನಗಳನ್ನು ಹಾರಿಬಿಟ್ಟು, ಸಿರಿಯದವರು ಮೋಸಹೋಗಿ ರೇಡಾರ್ ಹಚ್ಚಿದೊಡನೆ ಅವುಗಳ ನೆಲೆಯನ್ನು ಪತ್ತೆಮಾಡಿ, ಹತ್ತೊಂಬತ್ತು ಕ್ಷಿಪಣಿ ನೆಲೆಗಳಲ್ಲಿ ಬಹುತೇಕವನ್ನು ಇಸ್ರೇಲಿಗಳು ಒಂದೇ ದಿನ ಧ್ವಂಸಮಾಡಿದರು. ಅದನ್ನು ಕಂಡ ಅಮೆರಿಕ ಇಸ್ರೇಲಿನಿಂದ ಪಯನಿಯರ್ ಎಂಬ ಯಂತ್ರವನ್ನು ಕೊಂಡಿತು. 1991ರಲ್ಲಿ ಕುವೈತಿನ ಫೈಲಕಾ ದ್ವೀಪದಲ್ಲಿ ಇರಾಕಿನ ಸೈನಿಕರು ತಲೆಯ ಮೇಲೆ ಗುಂಯ್‌ಗುಡುತ್ತಿದ್ದ ಒಂದು ಪಯನಿಯರಿಗೆ ಬಿಳಿಯ ಬಟ್ಟೆ ಬೀಸಿ ಶರಣಾದರು. ಮನುಷ್ಯರು ಯಂತ್ರಕ್ಕೆ ಕೈಯೆತ್ತಿದ ಮೊದಲ ಪ್ರಸಂಗವೆಂದು ಇದನ್ನು ಉಲ್ಲೇಖಿಸುತ್ತಾರೆ.

ಇಲ್ಲಿ ಒಬ್ಬ ವ್ಯಕ್ತಿಯ ವಿಚಾರ ಹೇಳದೆ ಮುಂದೆ ಹೋಗಲು ಮನಸ್ಸಾಗದು. ಅಬ್ರಹಾಂ ಕರೆಮ್ 1937ರಲ್ಲಿ ಬಾಗ್ದಾದಿನ ಯಹೂದಿ ಕುಟುಂಬದಲ್ಲಿ ಹುಟ್ಟಿ ಇಸ್ರೇಲಿನಲ್ಲಿ ಬೆಳೆದವರು. ಅಲ್ಲಿಯ ವಿಮಾನ ತಯಾರಿಕೆಯಲ್ಲಿ ಪಳಗಿ 1970ರ ದಶಕದಲ್ಲಿ ಅಮೆರಿಕಕ್ಕೆ ವಲಸೆ ಹೋದವರು. ಲಾಸ್ ಏಂಜಲೀಸಿನಲ್ಲಿ ತಮ್ಮ ಮನೆಯ ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ ಒಂದು ಹಗುರವಾದ, ದೀರ್ಘಕಾಲ ತೇಲಬಲ್ಲ ಯಂತ್ರವನ್ನು ಕಟ್ಟಿದರು. ಅವರ ಸಂಸ್ಥೆ ದಿವಾಳಿಯಾಗಿ ಕೈಯಿಂದ ಕೈಗೆ ದಾಟಿ, ಅದರ ನಕ್ಷೆಗಳು ಜನರಲ್ ಅಟಾಮಿಕ್ಸ್ ಕಂಪನಿಯ ಪಾಲಾದವು. 1994ರಲ್ಲಿ ಹಾರಿದ ಪ್ರಿಡೇಟರ್ ಆ ನಕ್ಷೆಗಳ ಸಂತಾನ. ಅದು ಮುಂದೆ ಕರೆಮರ ಹುಟ್ಟೂರಿನ ಆಕಾಶದಲ್ಲಿಯೇ ಸುತ್ತಿತು. ಅವರು ಅದಕ್ಕೆ ಏನೆಂದುಕೊಂಡರೋ ನಾನು ಓದಿಲ್ಲ.

2001ರ ಫೆಬ್ರುವರಿಯಲ್ಲಿ ಪ್ರಿಡೇಟರಿನ ರೆಕ್ಕೆಗೆ ಹೆಲ್‌ಫೈರ್ ಕ್ಷಿಪಣಿಯನ್ನು ಜೋಡಿಸಿ ಪರೀಕ್ಷಿಸಿದರು. ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಮೇಲೆ ಅದು ಮೊದಲ ಬಾರಿ ಗುಂಡು ಹಾರಿಸಿತು. ಗಂಡುಜೇನಿಗೆ ಕೊಂಡಿ ಬಂದದ್ದು ಹೀಗೆ. ಅದೇ ಅಫ್ಘಾನಿಸ್ತಾನದಲ್ಲಿ, ಇಪ್ಪತ್ತು ವರ್ಷಗಳ ಯುದ್ಧದ ಕೊನೆಯ ವಾರ, 2021ರ ಆಗಸ್ಟ್ 29ರಂದು, ಕಾಬೂಲಿನ ಒಂದು ಮನೆಯಂಗಳದಲ್ಲಿ ಬಂದು ನಿಂತ ಕಾರಿನ ಮೇಲೆ ಅಮೆರಿಕದ ಡ್ರೋನ್ ಕ್ಷಿಪಣಿ ಬಿಟ್ಟಿತು. ಎಂಟು ಗಂಟೆಗಳ ಕಾಲ ಮೇಲಿನಿಂದ ಅದನ್ನು ಹಿಂಬಾಲಿಸಿ, ಒಳಗೆ ಸ್ಫೋಟಕವಿದೆಯೆಂದು ನಿಶ್ಚಯಿಸಿ ಬಿಟ್ಟದ್ದು. ಸತ್ತವರು ಹತ್ತು ಮಂದಿ ಸಾಮಾನ್ಯ ಜನ. ಅವರಲ್ಲಿ ಏಳು ಮಕ್ಕಳು. ಅಮೆರಿಕದ ಸೇನೆ ಮೂರು ವಾರ ಕಳೆಯುವ ಮುನ್ನ ತಪ್ಪನ್ನು ಒಪ್ಪಿಕೊಂಡಿತು. ಈ ಯಂತ್ರ ದೀರ್ಘಕಾಲ ನೋಡುವುದರಿಂದ ಸರಿಯಾಗಿ ನೋಡುತ್ತದೆ ಎಂದು ಅದನ್ನು ಮಾರುವವರು ಹೇಳುವ ಮಾತನ್ನು ಕೇಳಿದಾಗಲೆಲ್ಲ ನನಗೆ ಆ ಎಂಟು ಗಂಟೆಗಳ ನೆನಪಾಗುತ್ತದೆ.

ಇಷ್ಟು ಬೇಡಿಕೆಯ ಸರಕನ್ನು ಅಮೆರಿಕ ಎಲ್ಲರಿಗೂ ಮಾರಿತೆಂದು ನೀವು ಊಹಿಸಬಹುದು. ಇಲ್ಲ. ನನ್ನ ತಿಳಿವಿನಲ್ಲಿ ಈ ಕಥೆಯ ಅತ್ಯಂತ ವಿಚಾರಾರ್ಹವಾದ ಭಾಗವೇ ಇದು. 1987ರಲ್ಲಿ ಅಮೆರಿಕವೂ ಅದರ ಆರು ಮಿತ್ರರಾಷ್ಟ್ರಗಳೂ ಕ್ಷಿಪಣಿ ತಂತ್ರಜ್ಞಾನವನ್ನು ಅನ್ಯರಿಗೆ ಕೊಡದಿರಲು ಒಂದು ಕಟ್ಟಳೆ ಮಾಡಿಕೊಂಡಿದ್ದವು. ಐನೂರು ಕಿಲೋ ಭಾರವನ್ನು ಮುನ್ನೂರು ಕಿಲೋಮೀಟರ್ ದೂರ ಒಯ್ಯಬಲ್ಲ ಯಾವುದೇ ಚಾಲಕರಹಿತ ವಾಹನ ಅದರ ಬಿಗಿಯಾದ ತರಗತಿಗೆ ಸೇರುತ್ತಿತ್ತು. ಅಣ್ವಸ್ತ್ರವನ್ನು ಹೊರುವ ಕ್ಷಿಪಣಿಗಳನ್ನು ಮನಸ್ಸಿನಲ್ಲಿಟ್ಟು ಬರೆದ ಆ ಕಟ್ಟಳೆ ನಿಧಾನವಾಗಿ ತೇಲುವ ಡ್ರೋನನ್ನೂ ಹಿಡಿದು ನಿಲ್ಲಿಸಿತು. ಅಮೆರಿಕ ಬ್ರಿಟನ್ನಿನಂಥ ಕೆಲವರಿಗೆ ಕೊಟ್ಟು ಉಳಿದವರಿಗೆ ಬಾಗಿಲು ಮುಚ್ಚಿತು. ಮಾರಲೊಲ್ಲೆ ಎಂಬ ಈ ಮಾತು ಮಾರಿದ್ದರಿಂದ ಆಗಬಹುದಾಗಿದ್ದಕ್ಕಿಂತ ವೇಗವಾಗಿ ಆಯುಧವನ್ನು ಹರಡಿತು.

ಜೋರ್ಡಾನ್ ಕೇಳಿತು, ದೊರೆಯಲಿಲ್ಲ. ಚೀನಾದಿಂದ ಸಿಎಚ್-4 ಕೊಂಡಿತು. ಇರಾಕ್, ಸೌದಿ ಅರೇಬಿಯಾ ಮತ್ತು ಅರಬ್ ಸಂಯುಕ್ತ ಸಂಸ್ಥಾನಗಳು ಚೀನಾದ ಯಂತ್ರಗಳನ್ನೇ ತರಿಸಿದವು. ಆ ಕಟ್ಟಳೆಗೆ ಚೀನಾ ಸದಸ್ಯನಲ್ಲ. ಜೋರ್ಡಾನಿಗೆ ಆ ಸರಕು ಹಿಡಿಸಲಿಲ್ಲವೆಂದು ತೋರುತ್ತದೆ. 2019ರಲ್ಲಿ, ನಾವು ಹಳೆಯ ಎತ್ತಿನಬಂಡಿಯನ್ನು ಮಾರುವಂತೆ, ತನ್ನ ಡ್ರೋನ್‌ಗಳನ್ನು ಮಾರಾಟಕ್ಕಿವೆಯೆಂದು ಪ್ರಕಟಿಸಿತು.

ಟರ್ಕಿಯ ಹಾದಿ ಬೇರೆ. ಇಸ್ರೇಲಿನಿಂದ ಹತ್ತು ಹೆರಾನ್‌ಗಳನ್ನು ತರಿಸಿಕೊಳ್ಳುವುದರೊಳಗೆ ಎರಡು ದೇಶಗಳ ಸಂಬಂಧ 2010ರಲ್ಲಿ ಕೆಟ್ಟಿತು. ಅಮೆರಿಕದಿಂದ ಆಯುಧಸಹಿತ ಪ್ರಿಡೇಟರ್ ಸಿಗಲಿಲ್ಲ. ಮೋಟಾರು ಕಾರಿನ ಬಿಡಿಭಾಗಗಳನ್ನು ಮಾಡಲು 1984ರಲ್ಲಿ ಹುಟ್ಟಿದ ಬೈಕಾರ್ ಎಂಬ ಕೌಟುಂಬಿಕ ಕಂಪನಿ ಆ ಹೊತ್ತಿಗೆ ಡ್ರೋನ್ ತಯಾರಿಕೆಗೆ ಇಳಿದಿತ್ತು. ಅದರ ಮುಖ್ಯ ಶಿಲ್ಪಿ ಸೆಲ್ಚುಕ್ ಬೈರಕ್ತಾರ್ ಅಮೆರಿಕದ ಎಂಐಟಿಯಲ್ಲಿ ಓದಿ ಬಂದವರು, ಅನಂತರ ಅಧ್ಯಕ್ಷ ಎರ್ದೊವಾನರ ಅಳಿಯನಾದವರು. ಅವರ ಟಿಬಿ-2 ವಿಮಾನ 2015ರ ಡಿಸೆಂಬರಿನಲ್ಲಿ ಬಾಂಬು ಹಾಕುವುದನ್ನು ಕಲಿಯಿತು. ಅದರ ಕಣ್ಣು ಕೆನಡಾದ್ದು, ಎಂಜಿನ್ ನಾನು ಆಗಲೇ ಹೇಳಿದ ಗುನ್ಸ್‌ಕಿರ್ಖನ್ನಿನದು. 2020ರಲ್ಲಿ ಆಜರ್‌ಬೈಜಾನ್ ನಾಗೋರ್ನೋ-ಕಾರಾಬಾಖಿನಲ್ಲಿ ಆರ್ಮೇನಿಯದ ಮೇಲೆ ನಲವತ್ತನಾಲ್ಕು ದಿನಗಳ ಯುದ್ಧ ನಡೆಸಿದಾಗ ಈ ಯಂತ್ರಗಳು ಟ್ಯಾಂಕುಗಳನ್ನು ಒಂದೊಂದಾಗಿ ಆರಿಸಿ ಸುಟ್ಟವು. ಸುಡುವುದನ್ನು ತಾವೇ ಚಿತ್ರೀಕರಿಸಿದವು ಕೂಡ. ಆ ಚಿತ್ರಗಳು ಜಾಹೀರಾತಾದವು. ಅಂದಹಾಗೆ, ಆಜರ್‌ಬೈಜಾನಿನವರು ಆನ್-2 ಎಂಬ ಸೋವಿಯೆತ್ ಕಾಲದ ಹಳೆಯ ಜೋಡಿರೆಕ್ಕೆಯ ವಿಮಾನಗಳನ್ನು ಆಮಿಷವಾಗಿ ಬಿಟ್ಟು ಆರ್ಮೇನಿಯದ ರಕ್ಷಣಾ ನೆಲೆಗಳನ್ನು ಹೊರಗೆಳೆದರು. ಬೆಕಾ ಕಣಿವೆಯ ಪಾಠವನ್ನು ಮೂವತ್ತೆಂಟು ವರ್ಷಗಳ ಮೇಲೆ ಬೇರೊಬ್ಬರು ಒಪ್ಪಿಸಿದ್ದು.

ಯುದ್ಧ ನಡೆಯುತ್ತಿರುವಾಗಲೇ ಕೆನಡಾ ಕ್ಯಾಮೆರಾದ ರಫ್ತನ್ನು ತಡೆಹಿಡಿಯಿತು. ರೋಟ್ಯಾಕ್ಸ್ ಕಂಪನಿಯ ಒಡೆಯರೂ ಎಂಜಿನ್ನಿನ ಸರಬರಾಜನ್ನು ನಿಲ್ಲಿಸಿದರು. ಪರಿಣಾಮ ಮತ್ತೆ ಅದೇ: ಟರ್ಕಿ ತನ್ನದೇ ಕ್ಯಾಮೆರಾ ಕೂರಿಸಿತು. ಟಿಬಿ-2 ಉಕ್ರೇನಿಗೆ, ಪೋಲೆಂಡಿಗೆ, ಆಫ್ರಿಕದ ಹಲವು ರಾಜ್ಯಗಳಿಗೆ ಹೋಯಿತು. ಇಥಿಯೋಪಿಯದಲ್ಲಿ 2022ರ ಜನವರಿ 7ರಂದು, ಅವರ ಕ್ರಿಸ್‌ಮಸ್ ಹಬ್ಬದ ರಾತ್ರಿ, ತಿಗ್ರಾಯ್ ಪ್ರಾಂತದ ದೆದೆಬಿತ್ ಎಂಬಲ್ಲಿ ನಿರಾಶ್ರಿತರು ತಂಗಿದ್ದ ಶಾಲೆಯ ಮೇಲೆ ಡ್ರೋನ್ ದಾಳಿಯಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಬೂದಿಯಲ್ಲಿ ಸಿಕ್ಕ ಚೂರುಗಳು ಟರ್ಕಿಯ ಬಾಂಬಿನವೆಂದು ಪರಿಶೀಲಿಸಿದವರು ಗುರುತಿಸಿದರು. ಕಾರಾಬಾಖಿನ ವಿಜಯದ ಚಿತ್ರಗಳನ್ನು ಜಗತ್ತೆಲ್ಲ ನೋಡಿತು. ದೆದೆಬಿತ್ ಎಂಬ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಇರಾನಿನ ಕಥೆಯನ್ನು ಸಂಗ್ರಹವಾಗಿ ಹೇಳುತ್ತೇನೆ. ದಿಗ್ಬಂಧನಕ್ಕೊಳಗಾದ ಆ ದೇಶ ಇರಾಕಿನೊಡನೆ ಸೆಣಸುತ್ತಿದ್ದ 1980ರ ದಶಕದಿಂದಲೇ ಡ್ರೋನ್ ಮಾಡುತ್ತಿತ್ತು. 2011ರಲ್ಲಿ ಅಮೆರಿಕದ ಗೂಢಚಾರ ಡ್ರೋನ್ ಒಂದು ಅದರ ಕೈಗೆ ಬಿತ್ತು. ಅದರ ಪಡಿಯಚ್ಚುಗಳನ್ನು ತೆಗೆದರು. 2022ರ ಸೆಪ್ಟೆಂಬರಿನಿಂದ ಇರಾನಿನ ಶಾಹೆದ್-136 ರಷ್ಯಾದ ಕೈಯಲ್ಲಿ ಉಕ್ರೇನಿನ ಮೇಲೆ ಬೀಳತೊಡಗಿತು. ಇದು ಹೋಗಿ ಮರಳುವ ಯಂತ್ರವಲ್ಲ. ಗುರಿಯ ಮೇಲೆ ಬಿದ್ದು ತಾನೂ ಸಾಯುವಂಥದು. ರಷ್ಯಾ ಈಗ ಅದನ್ನು ತತಾರ್‌ಸ್ತಾನದ ಅಲಾಬುಗಾ ಎಂಬಲ್ಲಿ ಸ್ವತಃ ತಯಾರಿಸುತ್ತದೆ. ಬಿದ್ದ ಅವಶೇಷಗಳಲ್ಲಿ ಅಮೆರಿಕ, ಯೂರೋಪುಗಳ ಕಂಪನಿಗಳ ವಿದ್ಯುನ್ಮಾನ ಭಾಗಗಳು ಸಿಕ್ಕಿವೆ. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ ಸರಕನ್ನು ಯಾವ ಕಟ್ಟಳೆ ತಡೆಯಬಲ್ಲದು? 2025ರಲ್ಲಿ ಅಮೆರಿಕ ತಾನೇ ಶಾಹೆದ್‌ನ ಮಾದರಿಯಲ್ಲಿ ಲುಕಾಸ್ ಎಂಬ ಅಗ್ಗದ ಡ್ರೋನನ್ನು ತಯಾರಿಸಿ ಪ್ರದರ್ಶಿಸಿತು. ಯಾರು ಗುರು, ಯಾರು ಶಿಷ್ಯ ಎಂದು ನಿರ್ಣಯಿಸುವ ಭಾರವನ್ನು ನಾನು ನಿಮಗೇ ಬಿಡುತ್ತೇನೆ.

ನಮ್ಮ ದೇಶವೂ ಆ ಕಟ್ಟಳೆಯ ಹೊರಗೆ ನಿಂತು ಬಾಗಿಲು ತಟ್ಟಿದ್ದೇ. ರಷ್ಯಾದಿಂದ ಶೈತ್ಯ ಎಂಜಿನ್ ತರಲು ಹೊರಟಾಗ 1992ರಲ್ಲಿ ಬೆಂಗಳೂರಿನ ಇಸ್ರೋ ಸಂಸ್ಥೆಯ ಮೇಲೆ ಅಮೆರಿಕ ನಿರ್ಬಂಧ ಹೇರಿದ್ದು ಅದೇ ಕಟ್ಟಳೆಯ ಹೆಸರಿನಲ್ಲಿ. 2016ರ ಜೂನ್‌ನಲ್ಲಿ ಭಾರತ ಅದರ ಸದಸ್ಯನಾಯಿತು. 2024ರ ಅಕ್ಟೋಬರಿನಲ್ಲಿ ಪ್ರಿಡೇಟರಿನ ವಂಶದ ಮೂವತ್ತೊಂದು ವಿಮಾನಗಳಿಗೆ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿತು. ನಡುವಿನ ವರ್ಷಗಳಲ್ಲಿ ಇಸ್ರೇಲಿನ ಸರ್ಚರ್, ಹೆರಾನ್‌ಗಳನ್ನು ಕೊಳ್ಳುತ್ತಲೇ, 1959ರಲ್ಲಿ ಸ್ಥಾಪಿತವಾದ ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ಸ್ವದೇಶಿ ಯಂತ್ರಗಳಿಗೂ ಕೈಹಾಕಿತು. ಗುರಿಯ ಅಭ್ಯಾಸಕ್ಕಾಗಿ ಲಕ್ಷ್ಯ, ಆಮೇಲೆ ನಿಶಾಂತ್, ರುಸ್ತುಂ, ತಪಸ್. ಲಕ್ಷ್ಯವೆಂದರೆ ನಮ್ಮ ರಾಣಿಜೇನೇ.

ಈ ಯಂತ್ರಗಳನ್ನು ಹಾರಿಸಿ ನೋಡುವ ಬಯಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಬಳಿ ಇದೆ. ಚರಿತ್ರೆ ಓದುವವನಿಗೆ ಆ ನೆಲದ ಹೆಸರೇ ಸಾಕು: ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ಗೋಶಾಲೆಯನ್ನು ಹೈದರಾಲಿ ಬೆಳೆಸಿದ, ಟೀಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಅದರ ಎತ್ತುಗಳು ಮೈಸೂರಿನ ಫಿರಂಗಿಗಳನ್ನು ಎಳೆದವು. 1799ರ ಮೇಲೆ ಅವೇ ಎತ್ತುಗಳು ಇಂಗ್ಲಿಷರ ಫಿರಂಗಿಗಳನ್ನು ಎಳೆದು ಮರಾಠರ ಮೇಲೆ ಹೋದವು. ದಂಡಿನ ಎತ್ತಿಗೆಂದು ಮೀಸಲಿಟ್ಟ ಹುಲ್ಲುಗಾವಲು ದಂಡು ಅಳಿದ ಮೇಲೆ ಸುತ್ತಲ ಹಳ್ಳಿಗಳ ದನಕುರಿಗಳಿಗೆ ಆಸರೆಯಾಯಿತು. ಸಾವಿರಾರು ಎಕರೆ ಕಾವಲನ್ನು ರಕ್ಷಣೆ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟಾಗ ಕುರಿ ಕಾಯುವವರೂ ಕಂಬಳಿ ನೇಯುವವರೂ ಎದ್ದು ನಿಂತರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಬೇಲಿ ಬಂದಿತು. 2016ರ ನವೆಂಬರಿನಲ್ಲಿ ತಪಸ್‌ನ ಮೂಲರೂಪ ಅಲ್ಲಿಂದ ಮೊದಲ ಸಲ ಹಾರಿತು. 2023ರ ಆಗಸ್ಟ್‌ನಲ್ಲಿ ಅಂಥದೊಂದು ಯಂತ್ರ ಹಿರಿಯೂರು ತಾಲ್ಲೂಕಿನ ಹೊಲದಲ್ಲಿ ಬಿದ್ದು ಚೂರಾದಾಗ ಊರಿಗೆ ಊರೇ ನೋಡಲು ನೆರೆಯಿತು. ಅಂದು ಯಾರಿಗೂ ಅಪಾಯವಾಗಲಿಲ್ಲ.

2025ರ ಮೇ 8ರ ರಾತ್ರಿ ಪಾಕಿಸ್ತಾನದ ಕಡೆಯಿಂದ ಮುನ್ನೂರರಿಂದ ನಾನೂರು ಡ್ರೋನ್‌ಗಳು ನಮ್ಮ ಗಡಿಯುದ್ದಕ್ಕೂ ಮೂವತ್ತಾರು ಕಡೆ ಬಂದವೆಂದು ಭಾರತ ಸರ್ಕಾರ ತಿಳಿಸಿತು. ಬಿದ್ದ ಚೂರುಗಳ ಪ್ರಾಥಮಿಕ ಪರೀಕ್ಷೆಯಂತೆ ಅವು ಟರ್ಕಿಯ ಸೋಂಗರ್ ಜಾತಿಯವು. ಆ ದಿನಗಳಲ್ಲಿ ನಮ್ಮ ಕಡೆಯಿಂದ ಆಚೆಗೆ ಹೋದ ಹಾರೋಪ್‌ಗಳು ಇಸ್ರೇಲಿನವು.