ಕುಡಿಯುವ ನೀರಿನ ಸೂಕ್ಷ್ಮಜೀವಿ ಪರೀಕ್ಷೆ – ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಬಾವಿ, ಕೊಳವೆ ಬಾವಿ ಅಥವಾ ನಲ್ಲಿಯ ನೀರು ತಿಳಿಯಾಗಿದ್ದು ರುಚಿಯಾಗಿದ್ದ ಮಾತ್ರಕ್ಕೆ ಕುಡಿಯಲು ಯೋಗ್ಯವೆಂದು ಭಾವಿಸುವಂತಿಲ್ಲ. ವಾಂತಿಭೇದಿ, ಕಾಲರಾ, ವಿಷಮಶೀತ ಜ್ವರ, ಕಾಮಾಲೆಯಂತಹ ರೋಗಗಳನ್ನು ಹರಡುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ನೀರಿನ ಮೂಲಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಳಪಡಿಸುವುದು ಅವಶ್ಯಕ.

ಪರಿಸರ, ಸೂಕ್ಷ್ಮಜೀವಿ ಮತ್ತು ಆರೋಗ್ಯ

ಎಲ್ಲ ಸೂಕ್ಷ್ಮಜೀವಿಗಳೂ ಹಾನಿಕರವಲ್ಲ. ಒಂದು ಗ್ರಾಂ ಫಲವತ್ತಾದ ಮಣ್ಣಿನಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾಗಳು ಸಮುದಾಯವಾಗಿ ಜೀವಿಸುತ್ತವೆ. ನೀರು ಮಣ್ಣಿನ ಪದರಗಳ ಮೂಲಕ ನಿಧಾನವಾಗಿ ಇಳಿಯುವಾಗ ಇವು ಅದರಲ್ಲಿನ ಕೊಳೆಯನ್ನು ವಿಘಟಿಸುತ್ತವೆ. ನಿಧಾನ ಮರಳು ಸೋಸುಕದ ಮೇಲ್ಪದರದಲ್ಲಿ ಬೆಳೆಯುವ ಜೀವಿಗಳ ಲೋಳೆಯೂ ಇದೇ ಕಾರ್ಯವನ್ನು ನಿರ್ವಹಿಸುತ್ತದೆ. 1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರವು ಎಲ್ಬೆ ನದಿಯ ನೀರನ್ನು ಸೋಸದೆ ಸರಬರಾಜು ಮಾಡುತ್ತಿದ್ದು, ಅಲ್ಲಿ ಕಾಲರಾದಿಂದ 8,000ಕ್ಕೂ ಹೆಚ್ಚು ಜನರು ಮೃತಪಟ್ಟರು. ಅದಕ್ಕೆ ಹೊಂದಿಕೊಂಡಿದ್ದ ಆಲ್ಟೋನಾ ಪಟ್ಟಣವು ಅದೇ ನದಿಯ ನೀರನ್ನು ಮರಳಿನಲ್ಲಿ ಸೋಸಿ ಬಳಸುತ್ತಿದ್ದುದರಿಂದ ಬಹುಮಟ್ಟಿಗೆ ಪಾರಾಯಿತು.

ಮನುಷ್ಯನ ಕರುಳಿನಲ್ಲಿಯೂ ಅಸಂಖ್ಯಾತ ಬ್ಯಾಕ್ಟೀರಿಯಾಗಳಿದ್ದು, ಜೀರ್ಣಕ್ರಿಯೆಗೆ ನೆರವಾಗುತ್ತವೆ. ಇವು ಮಲದೊಡನೆ ಹೊರಬೀಳುತ್ತವೆ. ಶೌಚಗುಂಡಿ ಬಾವಿಗೆ ಸಮೀಪವಿದ್ದಲ್ಲಿ, ಒಡೆದ ಕೊಳವೆಯ ಪಕ್ಕದಲ್ಲಿ ಚರಂಡಿ ಹರಿಯುತ್ತಿದ್ದಲ್ಲಿ ಅಥವಾ ಮಳೆನೀರು ಬಾವಿಗೆ ನುಗ್ಗಿದಲ್ಲಿ ಮಣ್ಣಿನ ಸೋಸುವಿಕೆಗೆ ಅವಕಾಶವಿಲ್ಲದೆ ಮಲದ ಅಂಶ ಕುಡಿಯುವ ನೀರಿಗೆ ಸೇರುತ್ತದೆ. ನಲ್ಲಿಯಲ್ಲಿ ನೀರು ನಿಂತಾಗ ಕೊಳವೆಯೊಳಗಿನ ಒತ್ತಡ ಕುಸಿದು, ಸೋರುವ ಜಾಗದಿಂದ ಕೊಳಚೆ ಒಳಗೆ ಹೀರಲ್ಪಡುವ ಸಂಭವವಿದೆ.

ಪರೀಕ್ಷೆಯಲ್ಲಿ ಏನನ್ನು ನೋಡಲಾಗುತ್ತದೆ?

ಪ್ರತಿಯೊಂದು ರೋಗಾಣುವನ್ನೂ ಹುಡುಕುವುದು ಕಷ್ಟಸಾಧ್ಯ. ಬದಲಾಗಿ, ಕರುಳಿನಲ್ಲಿ ಸಹಜವಾಗಿರುವ ಇ. ಕೊಲೈ ಬ್ಯಾಕ್ಟೀರಿಯಾವನ್ನು ಸೂಚಕವಾಗಿ ಪರಿಗಣಿಸಲಾಗುತ್ತದೆ. ಇದು ಕಂಡುಬಂದರೆ ನೀರಿಗೆ ಮಲ ಸೇರಿದೆ ಎಂದೇ ಅರ್ಥ. ಭಾರತೀಯ ಮಾನಕ ಐಎಸ್ 10500:2012ರ ಪ್ರಕಾರ 100 ಮಿ.ಲೀ. ಕುಡಿಯುವ ನೀರಿನಲ್ಲಿ ಇದು ಪತ್ತೆಯಾಗಕೂಡದು.

ಗ್ರಾಮಗಳಲ್ಲಿ ಬಳಸುವ ಹೈಡ್ರೋಜನ್ ಸಲ್ಫೈಡ್ ಸೀಸೆಯಲ್ಲಿ ನೀರು ಕಪ್ಪಾದರೆ ಅದನ್ನು ಅಪಾಯದ ಸೂಚನೆಯೆಂದು ತಿಳಿಯತಕ್ಕದ್ದು. ಮಣ್ಣಿನ ಕೆಲವು ಬ್ಯಾಕ್ಟೀರಿಯಾಗಳಿಂದಲೂ ನೀರು ಕಪ್ಪಾಗಬಹುದಾದ್ದರಿಂದ ಪ್ರಯೋಗಾಲಯದಲ್ಲಿ ದೃಢಪಡಿಸಿಕೊಳ್ಳಬೇಕು. ಅಲ್ಲಿಯವರೆಗೆ ಸದರಿ ನೀರನ್ನು ಕುದಿಸಿ ಕುಡಿಯಬೇಕು.

ನೈಟ್ರೇಟ್ ಬಗ್ಗೆ ವಿಶೇಷ ಸೂಚನೆ

ಕೊಳಚೆ, ಸಗಣಿ ಗೊಬ್ಬರ ಹಾಗೂ ಯೂರಿಯಾದಲ್ಲಿನ ಸಾರಜನಕವನ್ನು ಮಣ್ಣಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ಇದು ಅಂತರ್ಜಲಕ್ಕೆ ಸುಲಭವಾಗಿ ಇಳಿಯುತ್ತದೆ. ಮಾನಕದಂತೆ ಇದರ ಮಿತಿ ಲೀಟರಿಗೆ 45 ಮಿ.ಗ್ರಾಂ. ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದಲ್ಲಿ ಆರು ತಿಂಗಳೊಳಗಿನ ಶಿಶುವಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸುವುದರಿಂದ ನೈಟ್ರೇಟ್ ಹೋಗುವುದಿಲ್ಲ. ನೀರು ಇಂಗಿದಂತೆ ಅದರ ಸಾಂದ್ರತೆ ಹೆಚ್ಚುತ್ತದೆ. ಇಂತಹ ಮನೆಗಳಲ್ಲಿ ಶಿಶುವಿಗೆ ಬೇರೆ ಮೂಲದ ನೀರನ್ನೇ ಬಳಸಬೇಕು.

ಮಾದರಿ ಸಂಗ್ರಹಿಸುವ ವಿಧಾನ

1. ಸೂಕ್ಷ್ಮಜೀವಿ ಪರೀಕ್ಷೆಗೆ ಪ್ರಯೋಗಾಲಯ ನೀಡುವ ಕ್ರಿಮಿಶುದ್ಧ ಸೀಸೆಯನ್ನೇ ಬಳಸಬೇಕು. ಅದರೊಳಗೆ ಕ್ಲೋರಿನ್ ಶಮನಗೊಳಿಸುವ ರಾಸಾಯನಿಕ ಇರುವುದರಿಂದ ಸೀಸೆಯನ್ನು ತೊಳೆಯಬಾರದು.
2. ನಲ್ಲಿಯ ನೀರನ್ನು ಕೆಲವು ನಿಮಿಷ ಹರಿಯಬಿಟ್ಟು ನಂತರ ತುಂಬಿಸಬೇಕು. ಸೀಸೆಯ ಬಾಯಿ ಹಾಗೂ ಮುಚ್ಚಳದ ಒಳಭಾಗವನ್ನು ಮುಟ್ಟಬಾರದು.
3. ಮಾದರಿಯನ್ನು ತಂಪಾಗಿರಿಸಿ, ಆದಷ್ಟು ಬೇಗ, ಯಾವುದೇ ಸಂದರ್ಭದಲ್ಲಿ 24 ಗಂಟೆಗಳೊಳಗೆ ತಲುಪಿಸಬೇಕು.
4. ನೈಟ್ರೇಟ್ ಮುಂತಾದ ರಾಸಾಯನಿಕ ಪರೀಕ್ಷೆಗೆ ಪ್ರತ್ಯೇಕ ಸೀಸೆಯಲ್ಲಿ ಮಾದರಿ ನೀಡಬೇಕು.
5. ಅರ್ಜಿಯಲ್ಲಿ ನೀರಿನ ಮೂಲ, ಸ್ಥಳ, ಸಂಗ್ರಹಿಸಿದ ದಿನಾಂಕ ಮತ್ತು ವೇಳೆ ಹಾಗೂ ಕ್ಲೋರಿನ್ ಹಾಕಲಾಗಿದೆಯೇ ಎಂಬುದನ್ನು ನಮೂದಿಸಬೇಕು.

ನೀರು ಕಲುಷಿತವೆಂದು ವರದಿ ಬಂದಲ್ಲಿ

ಕುಡಿಯುವ ನೀರನ್ನು ಚೆನ್ನಾಗಿ ಮರಳುವಂತೆ ಕನಿಷ್ಠ ಒಂದು ನಿಮಿಷ ಕುದಿಸಿ, ಆರಿಸಿ, ಮುಚ್ಚಿಡಬೇಕು. ತೆರೆದ ಬಾವಿಗೆ 1,000 ಲೀಟರಿಗೆ ಸುಮಾರು 2.5 ಗ್ರಾಂನಂತೆ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಅಗತ್ಯ. ಉದಾಹರಣೆಗೆ, 2 ಮೀಟರ್ ವ್ಯಾಸದ ಬಾವಿಯಲ್ಲಿ 3 ಮೀಟರ್ ನೀರಿದ್ದರೆ ಸುಮಾರು 9,400 ಲೀಟರ್ ಆಗುತ್ತದೆ. ಇದಕ್ಕೆ ಸುಮಾರು 24 ಗ್ರಾಂ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಸುರಿದು ಕಲಕಬೇಕು. ಕನಿಷ್ಠ ಒಂದು ಗಂಟೆ ನೀರು ಸೇದಬಾರದು; ರಾತ್ರಿ ವೇಳೆ ಹಾಕುವುದು ಅನುಕೂಲಕರ.

ಕ್ಲೋರಿನ್ ಹಾಕುವುದು ತಾತ್ಕಾಲಿಕ ಪರಿಹಾರ ಮಾತ್ರ. ಶೌಚಗುಂಡಿಯ ಸೋರಿಕೆ, ಒಡೆದ ಕೊಳವೆ, ಬಾವಿಕಟ್ಟೆಯ ಬಿರುಕುಗಳನ್ನು ಸರಿಪಡಿಸದಿದ್ದಲ್ಲಿ ನೀರು ಪುನಃ ಕಲುಷಿತಗೊಳ್ಳುತ್ತದೆ. ದುರಸ್ತಿಯ ನಂತರ ಮತ್ತೊಮ್ಮೆ ಪರೀಕ್ಷೆ ಮಾಡಿಸತಕ್ಕದ್ದು.

ಎಲ್ಲಿ ಸಂಪರ್ಕಿಸಬೇಕು?

ಗ್ರಾಮೀಣ ಪ್ರದೇಶದ ನಾಗರಿಕರು ಗ್ರಾಮ ಪಂಚಾಯಿತಿಯನ್ನು ಅಥವಾ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯವನ್ನು, ನಗರವಾಸಿಗಳು ಸ್ಥಳೀಯ ಸಂಸ್ಥೆಯನ್ನು ಸಂಪರ್ಕಿಸಬಹುದು. ಒಂದೇ ಬೀದಿಯಲ್ಲಿ ಹಲವರಿಗೆ ವಾಂತಿಭೇದಿ ಕಾಣಿಸಿಕೊಂಡಲ್ಲಿ ವರದಿಗಾಗಿ ಕಾಯದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕೂಡಲೇ ತಿಳಿಸಲು ಕೋರಲಾಗಿದೆ.