ಗ್ಯಾಸ್‌ಲೈಟಿನ ಬೂದಿ ರಕ್ತನಾಳಕ್ಕೆ ಇಳಿದ ಕಥೆ

ಬಯಲಾಟಕ್ಕೆ, ಮದುವೆ ಮೆರವಣಿಗೆಗೆ ಹಚ್ಚುತ್ತಿದ್ದ ಗ್ಯಾಸ್‌ಲೈಟ್ ಹಿರಿಯರಿಗೆ ನೆನಪಿರಬೇಕು. ಅದರೊಳಗಿನ ಮ್ಯಾಂಟಲ್ ಒಮ್ಮೆ ಹೊತ್ತಿದರೆ ಬಿಳಿ ಬೂದಿಯ ಬಲೆಯಾಗಿ ನಿಲ್ಲುತ್ತಿತ್ತು, ಬೆರಳು ತಾಗಿದರೆ ಉದುರುತ್ತಿತ್ತು. ಹಳೆಯ ಮ್ಯಾಂಟಲ್‌ಗಳಲ್ಲಿ ಆ ಬೂದಿ ಬಹುಪಾಲು ಥೋರಿಯಂ ಆಕ್ಸೈಡ್. ತಿರುವಾಂಕೂರಿನ ಕಡಲತೀರದ ಮರಳಲ್ಲಿ ಥೋರಿಯಂ ಇದೆಯೆಂದು 1909ರಲ್ಲಿ ಗೊತ್ತಾದ ಮೇಲೆ ಅಲ್ಲಿನ ಮರಳು ಇದಕ್ಕಾಗಿಯೇ ಯುರೋಪಿಗೆ ಹಡಗೇರಿತ್ತು.

ಇದೇ ವಸ್ತುವನ್ನು ಒಂದು ಕಾಲದಲ್ಲಿ ಡಾಕ್ಟರರು ರೋಗಿಗಳ ರಕ್ತನಾಳಕ್ಕೆ ಚುಚ್ಚುತ್ತಿದ್ದರು ಅಂದರೆ ನಂಬುತ್ತೀರಾ? ಓದಿದಾಗ ನಾವೂ ನಂಬಲಿಲ್ಲ.

ಕಾರಣ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಮೂಳೆ ಚೆನ್ನಾಗಿ ಕಾಣುತ್ತದೆ. ಮಿದುಳಿನ ರಕ್ತನಾಳ, ಲಿವರ್, ಗುಲ್ಮ ಹಾಗೆ ಕಾಣುವುದಿಲ್ಲ. ಕಾಣಬೇಕೆಂದರೆ ಎಕ್ಸ್‌ರೇಯನ್ನು ತಡೆಯುವ ಏನನ್ನಾದರೂ ಒಳಗೆ ಬಿಡಬೇಕು. ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ಎಗಾಸ್ ಮೊನಿಜ್ ಎಂಬ ವೈದ್ಯರು 1927ರಲ್ಲಿ ಸೋಡಿಯಂ ಅಯೋಡೈಡ್ ದ್ರಾವಣ ಬಳಸಿ ಬದುಕಿರುವ ಮನುಷ್ಯನ ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಆದರೆ ಆ ದ್ರಾವಣ ರೋಗಿಗೆ ವಿಪರೀತ ನೋವು ಕೊಡುತ್ತಿತ್ತು.

ಆಗ ಜರ್ಮನಿಯಿಂದ ಬಂದದ್ದು ಥೋರೊಟ್ರಾಸ್ಟ್. ಥೋರಿಯಂ ಆಕ್ಸೈಡಿನ ಅತಿ ಸಣ್ಣ ಕಣಗಳು ತೇಲುವ ದ್ರವ. ಕಣಗಳ ಗಾತ್ರ ಕೆಲವೇ ನ್ಯಾನೊಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. 'ನ್ಯಾನೊ' ಎಂಬ ಮಾತು ಯಾರ ಬಾಯಲ್ಲೂ ಇಲ್ಲದ ಕಾಲದಲ್ಲೇ ನ್ಯಾನೊಕಣ ಆಸ್ಪತ್ರೆಗೆ ಬಂದಿತ್ತು. ಚುಚ್ಚಿದರೆ ನೋವಿಲ್ಲ, ಚಿತ್ರ ಬಹಳ ಸ್ಪಷ್ಟ. ಮೊನಿಜ್ ಕೂಡ 1931ರಿಂದ ಇದನ್ನೇ ಬಳಸಿದರು. 1950ರ ದಶಕದವರೆಗೆ ಯುರೋಪ್, ಅಮೆರಿಕ, ಜಪಾನ್‌ಗಳಲ್ಲಿ ಲಕ್ಷಾಂತರ ಜನರ ಮೈಗೆ ಇದು ಇಳಿಯಿತು. ಯುದ್ಧದಲ್ಲಿ ಗಾಯಗೊಂಡ ಜಪಾನಿ ಸೈನಿಕರೂ ಅವರಲ್ಲಿದ್ದರು.

ಥೋರಿಯಂ ವಿಕಿರಣ ಸೂಸುವ ಧಾತು. ಅದರ ಆಲ್ಫಾ ಕಣ ಚರ್ಮವನ್ನು ದಾಟಿ ಒಳಗೆ ಹೋಗಲಾರದು. ಆದರೆ ಥೋರಿಯಂ ಮೈಯೊಳಗೇ ಕೂತರೆ ಪಕ್ಕದ ಜೀವಕೋಶಗಳಿಗೆ ನೇರ ಏಟು. ಮತ್ತೆ, ರಕ್ತಕ್ಕೆ ಬಂದ ಹೊರಗಿನ ಕಣಗಳನ್ನು ನುಂಗುವ ಕಾವಲು ಕೋಶಗಳು ಹೆಚ್ಚಾಗಿರುವುದು ಲಿವರ್ ಮತ್ತು ಗುಲ್ಮದಲ್ಲಿ. ಅವು ಥೋರಿಯಂ ಕಣಗಳನ್ನು ನುಂಗಿದವು, ಕರಗಿಸಲಾಗಲಿಲ್ಲ, ಹೊರಗೆ ಹಾಕಲೂ ಆಗಲಿಲ್ಲ. ಲಿವರ್ ಅಷ್ಟು ಚೆನ್ನಾಗಿ ಕಂಡದ್ದು ಈ ಕಾರಣಕ್ಕೇ. ಒಮ್ಮೆ ಚುಚ್ಚಿಸಿಕೊಂಡರೆ ಸಾಯುವವರೆಗೂ ವಿಕಿರಣ.

ಇದು ಯಾರಿಗೂ ತಿಳಿದಿರಲಿಲ್ಲ ಎಂದು ಹೇಳುವಂತಿಲ್ಲ. ಕತ್ತಲಲ್ಲಿ ಹೊಳೆಯುವ ಗಡಿಯಾರಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದ ಅಮೆರಿಕದ ಹುಡುಗಿಯರು ದವಡೆ ಕೊಳೆತು ಸತ್ತದ್ದು 1920ರ ದಶಕದಲ್ಲೇ ಸುದ್ದಿಯಾಗಿತ್ತು. ಅಮೆರಿಕದ ವೈದ್ಯರ ಸಂಘದ ಔಷಧ ಮಂಡಳಿ ಥೋರೊಟ್ರಾಸ್ಟ್ ಬಗ್ಗೆ 1932ರಲ್ಲೇ ಎಚ್ಚರಿಸಿತ್ತು. ಆದರೆ ರೋಗಿ ಚುಚ್ಚಿಸಿಕೊಂಡು ನಗುತ್ತಾ ಮನೆಗೆ ಹೋಗುತ್ತಿದ್ದ. ಕಾಯಿಲೆ ಕಾಣಿಸುತ್ತಿದ್ದುದು ಇಪ್ಪತ್ತು ಮೂವತ್ತು ವರ್ಷದ ಮೇಲೆ. ಅಷ್ಟು ದಿನ ಕಾದು ನೋಡುವವರು ಯಾರು? ಎಚ್ಚರಿಕೆ ಕೇಳಿದ ಮೇಲೂ ಇಪ್ಪತ್ತು ವರ್ಷ ಚುಚ್ಚಿದ್ದನ್ನು ಅಜ್ಞಾನ ಎಂದು ಬಿಟ್ಟುಬಿಡಲು ನಮಗೆ ಮನಸ್ಸಿಲ್ಲ.

ಕೊನೆಗೆ ಜರ್ಮನಿಯ ಸಂಶೋಧಕರು ಲೆಕ್ಕ ಹಾಕಿದರು. ಥೋರೊಟ್ರಾಸ್ಟ್ ಪಡೆದ 2326 ಜನರಲ್ಲಿ 454 ಮಂದಿಗೆ ಲಿವರ್ ಕ್ಯಾನ್ಸರ್. ಪಡೆಯದ 1890 ಜನರಲ್ಲಿ ಮೂವರಿಗೆ ಮಾತ್ರ.

ನ್ಯಾನೊಕಣಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಎಂಆರ್‌ಐ ಬಂದ ಮೇಲೆ ಕಬ್ಬಿಣದ ಆಕ್ಸೈಡಿನ ನ್ಯಾನೊಕಣಗಳನ್ನು ಸಿದ್ಧಪಡಿಸಿದರು. 1996ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ನುಂಗುವುದು ಅದೇ ಕಾವಲು ಕೋಶಗಳು. ಆರೋಗ್ಯವಂತ ಲಿವರ್ ಚಿತ್ರದಲ್ಲಿ ಕಪ್ಪಾಗುತ್ತದೆ, ಗಡ್ಡೆಯಲ್ಲಿ ಆ ಕೋಶಗಳು ಇಲ್ಲದ್ದರಿಂದ ಅದು ಬೆಳ್ಳಗೆ ಎದ್ದು ಕಾಣುತ್ತದೆ. ವ್ಯತ್ಯಾಸವೇನೆಂದರೆ ಈ ಕಣಗಳನ್ನು ಮೈ ಕರಗಿಸಿ, ಆ ಕಬ್ಬಿಣವನ್ನು ರಕ್ತ ಮಾಡಿಕೊಳ್ಳಲು ಬಳಸುತ್ತದೆ. ಇದೇ ಜಾತಿಯ ಇನ್ನೊಂದು ಔಷಧಕ್ಕೆ 2009ರಲ್ಲಿ ರಕ್ತಹೀನತೆಯ ಚಿಕಿತ್ಸೆಗೆಂದೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರಿಂದಲೂ ಕೆಲವರಿಗೆ ತೀವ್ರ ಅಲರ್ಜಿಯಾಗಿ, 2015ರಲ್ಲಿ ಎಚ್ಚರಿಕೆ ಬಿಗಿಮಾಡಿದರು.

ಇದನ್ನೋದಿ ಯಾರೂ ಸ್ಕ್ಯಾನ್‌ಗೆ ಹೆದರಬೇಡಿ. ಇಂದು ಸಿಟಿ ಸ್ಕ್ಯಾನ್‌ಗೆ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಅಯೋಡಿನ್ ಬೆರೆತ ಔಷಧ, ಥೋರಿಯಂ ಅಲ್ಲ. ಕಿಡ್ನಿ ಸರಿಯಿದ್ದರೆ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸ್ಕ್ಯಾನ್‌ಗೆ ಮೊದಲು ರಕ್ತ ತೆಗೆದು 'ಕ್ರಿಯಾಟಿನಿನ್' ನೋಡುತ್ತಾರಲ್ಲ, ಒಳಗೆ ಬಿಟ್ಟದ್ದನ್ನು ಹೊರಗೆ ಹಾಕಲು ಕಿಡ್ನಿಗೆ ಆಗುತ್ತದೆಯೇ ಎಂದು ತಿಳಿಯುವುದಕ್ಕೇ ಅದು.